ತಾಮ್ರದ ನಾಡಿನ ಅಡುಗೆಮನೆ

ಕೇಳುಗರಿಗೆ ನಮಸ್ಕಾರ. ಅಮೆರಿಕದ ಮಿಷಿಗನ್ ರಾಜ್ಯದ ಉತ್ತರದಲ್ಲಿ, ಸುಪೀರಿಯರ್ ಸರೋವರದೊಳಕ್ಕೆ ಚಾಚಿಕೊಂಡಿರುವ ಕೀವಿನಾ ಎಂಬ ತಾಮ್ರದ ನಾಡಿಗೆ ನೂರು ವರ್ಷಗಳ ಹಿಂದೆ ಕ್ರೊಯೇಷಿಯಾ, ಫಿನ್ಲೆಂಡ್, ಇಟಲಿಗಳಿಂದ ಸಾವಿರಾರು ಯುವಕರು ಕೂಲಿ ಹುಡುಕಿಕೊಂಡು ಬಂದರು. ನಮ್ಮ ಕೋಲಾರದ ಚಿನ್ನದ ಗಣಿಗಳಿಗೆ ಬಂದಂಥ, ಇಂಗ್ಲೆಂಡಿನ ಕಾರ್ನ್‌ವಾಲಿನ ಗಣಿ ಕಸುಬುದಾರರು ಅಲ್ಲಿಗೂ ಹೋಗಿದ್ದರು. ಒಂಟಿ ಹುಡುಗರು ತಮ್ಮ ಭಾಷೆಯವನೇ ಆದ ಒಬ್ಬ ಸಂಸಾರಸ್ಥನ ಮನೆಯಲ್ಲಿ ಊಟಕ್ಕೂ ಹಾಸಿಗೆಗೂ ತಿಂಗಳಿಗಿಷ್ಟು ಎಂದು ಕೊಟ್ಟು ಇರುತ್ತಿದ್ದರು. ಅದೇ ಬೋರ್ಡಿಂಗ್ ಮನೆ.

ಆ ಮನೆ ನಡೆದದ್ದು ಮನೆಯೊಡತಿಯ ರಟ್ಟೆಯ ಬಲದಿಂದ. ನಸುಕಿಗೇ ಒಲೆ ಹೊತ್ತಿಸಿ, ಪಾಳಿಗೆ ಹೊರಟವರ ಡಬ್ಬಿಗಳಿಗೆಲ್ಲ ಬುತ್ತಿ ತುಂಬಿ, ಗಣಿಯ ಕೆಸರು ಮೆತ್ತಿದ ಬಟ್ಟೆಗಳನ್ನು ಕೈಯಲ್ಲೇ ಒಗೆದು, ಹಿಮ ಬೀಳುವ ತಿಂಗಳುಗಳಲ್ಲಿ ಅವನ್ನು ಒಲೆಯ ಸುತ್ತ ಒಣಹಾಕುತ್ತಿದ್ದವಳು ಅವಳು. ಕಂಪನಿಯ ಸಂಬಳದ ಪಟ್ಟಿಯಲ್ಲಿ ಮಾತ್ರ ಅವಳ ಹೆಸರಿಲ್ಲ.

ಸೀಬರ್‌ವಿಲ್ ಎಂಬ ಹಳ್ಳಿಯಲ್ಲಿ ಜೋಸೆಫ್ ಮತ್ತು ಆಂಟೋನಿಯಾ ಪುಟ್ರಿಚ್ ದಂಪತಿಗಳದು ಇಂಥದೇ ಮನೆ. ಆಗ ಗಣಿಗಳಿಗೆ ಒಬ್ಬನೇ ನಡೆಸುವ, ಬಂಡೆ ಕೊರೆಯುವ ಬೈರಿಗೆ ಯಂತ್ರ ಬಂದಿತ್ತು. ಜೊತೆಗಾರನಿಲ್ಲದೆ ಕತ್ತಲಲ್ಲಿ ದುಡಿಯುವ ಭಯದಿಂದ ಗಣಿಗಾರರು ಅದನ್ನು ‘ವಿಧವೆಯರನ್ನು ಮಾಡುವ ಯಂತ್ರ’ ಎಂದು ಕರೆದರು. ಅದೂ ಒಂದು ಕಾರಣವಾಗಿ 1913ರ ಜುಲೈನಲ್ಲಿ ಮುಷ್ಕರ ಆರಂಭವಾಯಿತು. ಆಗಸ್ಟ್ 14ರಂದು ಮುಷ್ಕರದಲ್ಲಿದ್ದ ಇಬ್ಬರು ಕ್ರೊಯೇಷಿಯನ್ನರು ಊರಿಗೆ ಮರಳುವಾಗ, ಎಲ್ಲರೂ ಬಳಸುತ್ತಿದ್ದ ಕಾಲುದಾರಿ ಕಂಪನಿಯ ನೆಲದ ಮೇಲಿದೆಯೆಂದು ಕಾವಲುಗಾರ ತಡೆದ. ಅವರು ಕೇಳದೆ ನಡೆದರು. ಸ್ವಲ್ಪ ಹೊತ್ತಿಗೆ ಖಾಸಗಿ ಕಾವಲುಗಾರರೂ ಶೆರಿಫ್ ಎಂಬ ಸ್ಥಳೀಯ ಪೊಲೀಸ್ ಮುಖ್ಯಸ್ಥನ ಸಹಾಯಕರೂ ಅವರನ್ನು ಹಿಡಿಯಲು ಪುಟ್ರಿಚ್ ಮನೆಗೆ ಬಂದರು. ಅಂಗಳದಲ್ಲಿ ಜಗ್ಗಾಟವಾಯಿತು, ಹುಡುಗರು ಒಳಗೆ ಓಡಿದರು. ಬಂದವರು ಮನೆಯನ್ನು ಸುತ್ತುವರಿದು ಕಿಟಕಿಗಳ ಮೂಲಕ ಗುಂಡು ಹಾರಿಸಿದರು. ಆಂಟೋನಿಯಾ ಮಕ್ಕಳೊಂದಿಗೆ ಒಳಗೇ ಇದ್ದಳು. ಆ ಮನೆಯಲ್ಲಿದ್ದ ಸ್ಟೀವ್ ಪುಟ್ರಿಚ್ ಮತ್ತು ಅಲೋಯ್ಸ್ ಟಿಯಾನ್ ಪ್ರಾಣಬಿಟ್ಟರು, ಮತ್ತಿಬ್ಬರು ಗಾಯಗೊಂಡರು. ಗುಂಡು ಹಾರಿಸಿದವರಲ್ಲಿ ಕೆಲವರಿಗೆ ಮುಂದೆ ಶಿಕ್ಷೆಯಾಯಿತು.

ಈ ಘಟನೆಯನ್ನು ಬರೆಯುವವರು ಕಾಲುದಾರಿಯನ್ನೂ ಬಂದೂಕನ್ನೂ ವಿವರವಾಗಿ ಬರೆಯುತ್ತಾರೆ. ಆ ಅಡುಗೆಮನೆ ಯಾರದು, ಅಲ್ಲಿ ದಿನವೂ ದುಡಿಯುತ್ತಿದ್ದವಳು ಯಾರು ಎಂದು ಕೇಳುವವರು ಇಂದಿಗೂ ಕಡಿಮೆಯೆಂಬುದು ನನಗೆ ಸಹಿಸಲಾಗದ ಸಂಗತಿ.

ಫಿನ್ಲೆಂಡಿನವರು ಇಂಥ ಮನೆಯನ್ನು ‘ಪೊಯ್ಕಟಾಲೊ’, ಅಂದರೆ ಹುಡುಗರ ಮನೆ, ಎನ್ನುತ್ತಿದ್ದರು; ಆ ಹೆಸರಿನಲ್ಲೂ ಅಡುಗೆಯವಳಿಗೆ ಜಾಗವಿಲ್ಲ. ಸಮಯ ಮುಗಿಯುತ್ತಿರುವುದರಿಂದ ಇನ್ನೊಂದೇ ಮಾತು: ಅದೇ ಮುಷ್ಕರದಲ್ಲಿ, ಕ್ಯಾಲುಮೆಟ್ ಊರಿನ ಬೀದಿಗಳಲ್ಲಿ, ಗಣಿಗಾರನೊಬ್ಬನ ಹೆಂಡತಿ ಆ್ಯನಿ ಕ್ಲೆಮೆಂಕ್ ದೊಡ್ಡದೊಂದು ಧ್ವಜವನ್ನು ಹೊತ್ತು ಮೆರವಣಿಗೆಯ ಮುಂದೆ ನಡೆದಳು. ಸಾವಿರಾರು ಗಂಡಸರು ಅವಳ ಹಿಂದಿದ್ದರು.