ಪಕ್ಕದ ಮನೆಗೆ ಕೇಳದ ಗಿಟಾರ್: ಎರಡು ಶೀಟ್ ಪ್ಲೈವುಡ್, ಕಡಪ ಕಲ್ಲು, ಬಳ್ಳಾರಿ ಜೀನ್ಸ್ ಚಿಂದಿ

[ಕಪ್ಪು ಪರದೆ. ಆಂಪ್‌ನಲ್ಲಿ ಗಿಟಾರ್ ಜೋರಾಗಿ ಕೇಳುತ್ತಿದೆ. ಒಂದು ಮುಚ್ಚಳ ಬಿದ್ದ ಸದ್ದು. ಇನ್ನೊಂದು ಮುಚ್ಚಳ. ಈಗ ಫ್ಯಾನ್ ತಿರುಗುವುದೇ ಜಾಸ್ತಿ ಕೇಳುತ್ತದೆ.]

ನಾನು ನುಡಿಸುವುದನ್ನು ನಿಲ್ಲಿಸಿಲ್ಲ. ವಾಲ್ಯೂಮ್ ಕೂಡ ಮುಟ್ಟಿಲ್ಲ. ಎರಡು ಮುಚ್ಚಳ ಹಾಕಿದೆ, ಅಷ್ಟೇ.

[ಪೆಟ್ಟಿಗೆ ಕಾಣುತ್ತದೆ. ಮೇಲೆ ಕಪ್ಪು ಕಲ್ಲಿನ ಚಪ್ಪಡಿ.]

ನಮಸ್ಕಾರ. ಮನೆಯಲ್ಲೇ ಗಿಟಾರ್ ರೆಕಾರ್ಡ್ ಮಾಡುವವರಿಗಾಗಿ ಈ ವಿಡಿಯೋ. ಸ್ಪೀಕರ್ ಮತ್ತು ಮೈಕ್ ಎರಡನ್ನೂ ಒಳಗಿಟ್ಟು ಮುಚ್ಚುವ ಪೆಟ್ಟಿಗೆ ಇದು. ಸ್ಪೀಕರ್, ಮೈಕ್ ನನ್ನ ಹತ್ತಿರ ಮೊದಲೇ ಇದ್ದವು. ಅವನ್ನು ಬಿಟ್ಟು ಪೆಟ್ಟಿಗೆಗೆ ಖರ್ಚಾಗಿದ್ದು ಆರು ಸಾವಿರ ರೂಪಾಯಿ ಚಿಲ್ಲರೆ.

ಯಾಕೆ ಬೇಕಾಯಿತು ಅಂತ ಹೇಳುತ್ತೇನೆ. ಬಳ್ಳಾರಿ ಬೇಸಿಗೆ ಗೊತ್ತಲ್ವಾ? 40 ಡಿಗ್ರಿ ದಾಟಿದ ಮೇಲೆ ಕಿಟಕಿ ಮುಚ್ಚುವ ಮಾತೇ ಇಲ್ಲ. ರಾತ್ರಿ ಅರ್ಧ ಓಣಿ ಮಾಳಿಗೆ ಮೇಲೆ ಚಾಪೆ ಹಾಸಿಕೊಂಡಿರುತ್ತದೆ. ನಾನು ಕೆಲಸ ಮುಗಿಸಿ ಬಂದು ಗಿಟಾರ್ ಹಿಡಿಯುವುದೇ ಒಂಬತ್ತಕ್ಕೆ. ಒಂದು ರಾತ್ರಿ ಬಾಗಿಲು ಬಡಿದರು. ತೆಗೆದರೆ ಪಕ್ಕದ ಮನೆ ಹುಡುಗಿ. ಕೈಯಲ್ಲಿ ಪುಸ್ತಕ, ಓದುತ್ತಿದ್ದ ಪುಟ ತಪ್ಪದ ಹಾಗೆ ನಡುವೆ ಬೆರಳು. "ಅಣ್ಣಾ, ನಾಳೆ ನಂದು ಗಣಿತ ಪರೀಕ್ಷೆ" ಅಂದಳು. ಇನ್ನೇನೂ ಹೇಳಲಿಲ್ಲ. ಆ ಬೆರಳು ಇನ್ನೂ ನನ್ನ ಕಣ್ಣ ಮುಂದೆ ಇದೆ.

ಸದ್ದು ಕಡಿಮೆ ಇಟ್ಟು ನುಡಿಸಬಹುದಲ್ವಾ ಅಂತ ಕೇಳುತ್ತೀರಿ. ಆಂಪ್ ಅಂದರೆ ಗಿಟಾರಿನ ಸದ್ದು ಹೆಚ್ಚಿಸಿ ಸ್ಪೀಕರಿಗೆ ಕಳಿಸುವ ಯಂತ್ರ. ಗಾಜಿನ ವಾಲ್ವ್‌ಗಳಿರುವ ಹಳೆ ರೀತಿಯ ವಾಲ್ವ್ ಆಂಪ್ ಇಟ್ಟುಕೊಂಡವರಿಗೆ ಉತ್ತರ ಗೊತ್ತು. ಸ್ವಲ್ಪ ದುಡಿಸಿದಾಗಲೇ ಅದು ಬಾಯಿ ಬಿಡುವುದು. ಸ್ಪೀಕರಿನ ಕಾಗದದ ಕೋನ್ ಕೂಡ ಹಾಗೇ. ಮತ್ತೆ ಗಿಟಾರ್ ಸ್ಪೀಕರ್ ಎಷ್ಟು ಜೋರು ಅಂತ ಲೆಕ್ಕ ನೋಡಿ. ಸೆಲೆಸ್ಟಿಯನ್ ವಿಂಟೇಜ್ 30 ಅನ್ನುವ 12 ಇಂಚಿನ ಸ್ಪೀಕರ್ ಬಹಳ ಜನ ಬಳಸುತ್ತಾರೆ. ಬರೀ 1 ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 100 ಡೆಸಿಬೆಲ್. 15 ವ್ಯಾಟ್ ಕೊಟ್ಟರೆ ಹತ್ತಿರ ಹತ್ತಿರ 112. ನಮ್ಮ ದೇಶದ 2000ನೇ ಇಸವಿಯ ಶಬ್ದಮಾಲಿನ್ಯ ನಿಯಮದಲ್ಲಿ ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ 45 ಡೆಸಿಬೆಲ್ ಮಿತಿ ಇದೆ. 112 ಎಲ್ಲಿ, 45 ಎಲ್ಲಿ!

ಹೆಡ್‌ಫೋನ್ ಹಾಕಿಕೊಂಡು ಆಂಪ್ ಸಾಫ್ಟ್‌ವೇರಿನಲ್ಲಿ ನುಡಿಸಿದರೆ ನಿಮಗೆ ಖುಷಿಯಾಗುತ್ತದಾ? ಹಾಗಿದ್ದರೆ ಅದನ್ನೇ ಮಾಡಿ, ಈ ಪೆಟ್ಟಿಗೆ ಬೇಡ. ನಿಜವಾಗಿ ಹೇಳುತ್ತಿದ್ದೇನೆ, ಇದು ಎರಡು ಭಾನುವಾರದ ಕೆಲಸ. ನನಗೆ ಕೋನ್ ಅಲ್ಲಾಡಬೇಕು, ಅದರ ಮುಂದೆ ಮೈಕ್ ಇರಬೇಕು. ಅದಕ್ಕೇ ಮಾಡಿದೆ.

[ಮೊಟ್ಟೆ ಟ್ರೇಗಳ ರಾಶಿ.]

ಮೊದಲ ಸಲ ತಪ್ಪು ಮಾಡಿದೆ. ಒಂದು ಹಳೆ ಪ್ಲೈ ಡಬ್ಬಕ್ಕೆ ಒಳಗಡೆ ಪೂರ್ತಿ ಮೊಟ್ಟೆ ಟ್ರೇ ಅಂಟಿಸಿದೆ. ಅದರ ಮೇಲೆ ಥರ್ಮಾಕೋಲ್. ಸ್ಪೀಕರ್ ಇಟ್ಟು ಆನ್ ಮಾಡಿದರೆ ಸದ್ದು ಹೊರಗೆ ಹಾಗೇ ಬರುತ್ತಿತ್ತು. ಎರಡು ದಿನ ತಲೆ ಕೆಡಿಸಿಕೊಂಡ ಮೇಲೆ ಅರ್ಥವಾಯಿತು. ಸದ್ದು ತಡೆಯುವುದು ಬೇರೆ, ಹೀರಿಕೊಳ್ಳುವುದು ಬೇರೆ.

ಹೀರುವುದಕ್ಕೆ ಮೆತ್ತಗಿನ ವಸ್ತು ಬೇಕು. ಸದ್ದು ನಾರಿನ ಸಂದಿಗಳಲ್ಲಿ ನುಗ್ಗಿ, ಉಜ್ಜಿ, ಅಲ್ಲೇ ಸ್ವಲ್ಪ ಶಾಖವಾಗಿ ಮುಗಿದುಹೋಗುತ್ತದೆ. ಇದರಿಂದ ಒಳಗಿನ ಗುಂಯ್ ಅನ್ನುವುದು ಕಡಿಮೆಯಾಗುತ್ತದೆ. ತಡೆಯುವುದಕ್ಕೆ ಬೇಕಾಗಿರುವುದು ತೂಕ. ಸದ್ದು ಗೋಡೆಯನ್ನು ಅಲ್ಲಾಡಿಸಿಯೇ ಆಚೆ ದಾಟಬೇಕು. ಗೋಡೆ ಭಾರ ಇದ್ದಷ್ಟೂ ಅದಕ್ಕೆ ಕಷ್ಟ. ತೂಕ ಎರಡರಷ್ಟು ಮಾಡಿದರೆ ಹೆಚ್ಚುಕಡಿಮೆ 6 ಡೆಸಿಬೆಲ್ ಕಡಿಮೆಯಾಗುತ್ತದೆ. ಮೊಟ್ಟೆ ಟ್ರೇಗೆ ತೂಕವೂ ಇಲ್ಲ, ನಾರಿನ ದಪ್ಪವೂ ಇಲ್ಲ. ಥರ್ಮಾಕೋಲ್ ಇನ್ನೂ ಹಗುರ.

ಬರೀ ತೂಕ ಏರಿಸುತ್ತಾ ಹೋದರೆ ಪೆಟ್ಟಿಗೆ ಎತ್ತುವುದಕ್ಕೆ ಕ್ರೇನ್ ಬೇಕಾಗುತ್ತದೆ. ಅದಕ್ಕೆ ಒಂದು ಉಪಾಯ ಇದೆ: ಪೆಟ್ಟಿಗೆಯೊಳಗೆ ಪೆಟ್ಟಿಗೆ. ನಡುವೆ ಗಾಳಿ. ಎರಡೂ ಒಂದನ್ನೊಂದು ಮುಟ್ಟಬಾರದು. ಅಷ್ಟೇ ಮರವನ್ನು ಒಟ್ಟಿಗೆ ಅಂಟಿಸಿ ಒಂದೇ ದಪ್ಪ ಗೋಡೆ ಮಾಡುವುದಕ್ಕಿಂತ ಇದು ಚೆನ್ನಾಗಿ ತಡೆಯುತ್ತದೆ.

[ಅಳತೆಯ ಚಿತ್ರ ಪರದೆ ಮೇಲೆ.]

ಅಳತೆ ಬರೆದುಕೊಳ್ಳಿ. ಹೊರಪೆಟ್ಟಿಗೆ 18 ಎಂಎಂ ಪ್ಲೈ, ಹೊರ ಅಳತೆ 80, 60, 54 ಸೆಂಟಿಮೀಟರ್. ಒಳಪೆಟ್ಟಿಗೆ 12 ಎಂಎಂ ಪ್ಲೈ, ಒಳ ಅಳತೆ 66, 46, 40. ನಡುವೆ ಎಲ್ಲಾ ಕಡೆ 4 ಸೆಂಟಿಮೀಟರ್ ಜಾಗ ಉಳಿಯುತ್ತದೆ. 8 ಅಡಿ 4 ಅಡಿಯ ಶೀಟು ಒಂದೊಂದೇ ಸಾಕು. ಕತ್ತರಿಸುವ ಮೊದಲು ಪೇಪರ್ ಮೇಲೆ ಹಾಕಿ ನೋಡಿ, ಸರಿಯಾಗಿ ಕೂರುತ್ತದೆ. 12 ಎಂಎಂ ಶೀಟಿನಲ್ಲಿ ಉಳಿಯುವ ತುಂಡಿನಲ್ಲಿ 46 ಬೈ 40ರ ಎರಡು ಹಲಗೆ ತೆಗೆದು ಒಂದಕ್ಕೊಂದು ಅಂಟಿಸಿ. ಅದರಲ್ಲಿ 28 ಸೆಂಟಿಮೀಟರಿನ ರಂಧ್ರ ಕೊರೆದು ಸ್ಪೀಕರ್ ಕೂರಿಸುವುದು. ನಿಮ್ಮ ಸ್ಪೀಕರಿನ ಅಳತೆ ಒಮ್ಮೆ ನೋಡಿಕೊಂಡು ಕೊರೆಯಿರಿ.

ಮೂರು ಅಳತೆಯೂ ಬೇರೆ ಬೇರೆ ಇರುವುದು ಬೇಕಂತಲೇ. ಎದುರುಬದುರು ಗೋಡೆಗಳ ನಡುವೆ ಸದ್ದು ಓಡಾಡುತ್ತಾ ಒಂದು ಸ್ವರದಲ್ಲಿ ನಿಂತುಬಿಡುತ್ತದೆ. 66 ಸೆಂಟಿಮೀಟರಿಗೆ ಅದು ಸುಮಾರು 260 ಹರ್ಟ್ಸ್, 46ಕ್ಕೆ 373, 40ಕ್ಕೆ 429. ಮೂರು ಅಳತೆಯೂ ಒಂದೇ ಇರುವ ಪೆಟ್ಟಿಗೆ ಮಾಡಿದರೆ ಮೂರೂ ಸ್ವರ ಒಂದೇ ಕಡೆ ಬಿದ್ದು ಆ ಸ್ವರ ಮಾತ್ರ ಊದಿಕೊಳ್ಳುತ್ತದೆ.

ಜೋಡಣೆಗೆ ಫೆವಿಕಾಲ್ ಮತ್ತು ಸ್ಕ್ರೂ, ಪ್ರತಿ ಮೂಲೆಗೂ ಒಳಗಿನಿಂದ ಸಿಲಿಕಾನ್. ಸಿಲಿಕಾನ್‌ನಲ್ಲಿ ಜಿಪುಣತನ ಬೇಡ. ಒಳಪೆಟ್ಟಿಗೆ ನಿಲ್ಲುವುದು ನಾಲ್ಕು ರಬ್ಬರ್ ಕಾಲಿನ ಮೇಲೆ. ನಾನು ಹೊಸಪೇಟೆ ರಸ್ತೆಯ ಒಂದು ಪಂಕ್ಚರ್ ಅಂಗಡಿಯಲ್ಲಿ ಹಳೆ ಲಾರಿ ಟೈರಿನ ತುಂಡು ಕೇಳಿ ತಂದೆ. ಒಂದರ ಮೇಲೊಂದು ಇಟ್ಟು 4 ಸೆಂಟಿಮೀಟರ್ ಮಾಡಿದೆ.

ಇಲ್ಲಿ ಒಂದು ಎಚ್ಚರಿಕೆ. ನನಗೆ ಸಹಾಯ ಮಾಡಿದ ಬಡಗಿ ಅಣ್ಣ ಬಹಳ ಒಳ್ಳೆಯ ಕೆಲಸಗಾರ. ಒಳಪೆಟ್ಟಿಗೆ ಅಲ್ಲಾಡಬಾರದು ಅಂತ ನಾನು ನೋಡದಿದ್ದಾಗ ತಳಕ್ಕೆ ಎರಡು ಉದ್ದ ಸ್ಕ್ರೂ ಹೊಡೆದುಬಿಟ್ಟಿದ್ದರು. ಒಳಗೆ ಬೆರಳಿನಿಂದ ತಟ್ಟಿ ಹೊರಗೆ ಕಿವಿ ಇಟ್ಟರೆ ಟಕ್ ಟಕ್ ಅಂತ ಸ್ಪಷ್ಟ ಕೇಳುತ್ತಿತ್ತು. ಸ್ಕ್ರೂ ಬಿಚ್ಚಿದ ಮೇಲೆ ಅದೇ ತಟ್ಟು ಹಾಸಿಗೆ ಮೇಲೆ ತಟ್ಟಿದಷ್ಟು ಮಂದವಾಯಿತು. ಎರಡು ಸ್ಕ್ರೂ ಸಾಕು, 4 ಸೆಂಟಿಮೀಟರ್ ಗಾಳಿಯ ಕೆಲಸವೆಲ್ಲ ಹಾಳು.

ಈಗ ಮುಚ್ಚಳ. ಈ ವಿಡಿಯೋದಲ್ಲಿ ಒಂದೇ ಒಂದು ವಿಷಯ ನೆನಪಿಟ್ಟುಕೊಳ್ಳುವುದಾದರೆ ಇದನ್ನು ಇಟ್ಟುಕೊಳ್ಳಿ. ಗೋಡೆಯಲ್ಲಿ ನೂರಕ್ಕೆ ಒಂದು ಪಾಲು ತೆರೆದಿದ್ದರೆ, ಉಳಿದ 99 ಪಾಲು ಕಬ್ಬಿಣವೇ ಆಗಿರಲಿ, 20 ಡೆಸಿಬೆಲ್‌ಗಿಂತ ಜಾಸ್ತಿ ತಡೆಯುವುದಕ್ಕೆ ಆಗುವುದಿಲ್ಲ. ನೂರಕ್ಕೆ ಒಂದು ಅಂದರೆ ಎಷ್ಟು? ನಮ್ಮ ಮುಚ್ಚಳ 80 ಬೈ 60, ಅಂದರೆ 4,800 ಚದರ ಸೆಂಟಿಮೀಟರ್. ಸುತ್ತ ಬರೀ 2 ಎಂಎಂ ಸಂದು ಬಿಟ್ಟರೂ 56 ಚದರ ಸೆಂಟಿಮೀಟರ್ ಆಗುತ್ತದೆ. ನೂರಕ್ಕೆ ಒಂದು ದಾಟಿಯೇ ಹೋಯಿತು. ಎರಡು ರೂಪಾಯಿ ನಾಣ್ಯ ತೂರುವಷ್ಟು ಸಂದು!

[ಹತ್ತಿರದಿಂದ: ಪೆಟ್ಟಿಗೆಯ ಅಂಚಿಗೆ ರಬ್ಬರ್ ಪಟ್ಟಿ ಅಂಟಿಸುವ ಕೈ.]

ಲಾರಿ ಟ್ಯೂಬು ಕತ್ತರಿಸಿ 18 ಎಂಎಂ ಅಗಲದ ಪಟ್ಟಿ ಮಾಡಿದೆ. ಎರಡು ಪದರ ಅಂಟಿಸಿದೆ. ಮೂಲೆಯಲ್ಲಿ ಪಟ್ಟಿಗಳು ಸೇರುವ ಕಡೆ ನೇರ ಕತ್ತರಿಸಬೇಡಿ, ಓರೆಯಾಗಿ ಕತ್ತರಿಸಿ ಒಂದರ ಮೇಲೊಂದು ಬರುವ ಹಾಗೆ ಮಾಡಿ. ಒಳಮುಚ್ಚಳಕ್ಕೆ ಟ್ರಂಕಿಗೆ ಹಾಕುವ ಕೊಂಡಿ ನಾಲ್ಕು ಹಾಕಿದೆ. ಹೊರಮುಚ್ಚಳಕ್ಕೆ ಕೊಂಡಿಯೇ ಇಲ್ಲ. ಅದರ ಮೇಲೆ ಅಡುಗೆಮನೆ ಕಟ್ಟೆಯಿಂದ ತೆಗೆದಿದ್ದ ಹಳೆ ಕಡಪ ಕಲ್ಲು ಇಟ್ಟೆ. 20 ಎಂಎಂ ದಪ್ಪ, 25 ಕಿಲೋ ಹತ್ತಿರ. ತೂಕಕ್ಕೆ ತೂಕವೂ ಆಯಿತು, ರಬ್ಬರನ್ನು ಎಲ್ಲಾ ಕಡೆ ಒಂದೇ ಸಮ ಅದುಮುತ್ತದೆ ಕೂಡ. ಇಡುವಾಗ ಇನ್ನೊಬ್ಬರ ಸಹಾಯ ತೆಗೆದುಕೊಳ್ಳಿ. ಬೆರಳು ಸಿಕ್ಕಿಕೊಂಡರೆ ಗಿಟಾರ್ ತಿಂಗಳುಗಟ್ಟಲೆ ಮೂಲೆ ಸೇರುತ್ತದೆ.

ಸಂದು ಹುಡುಕುವುದು ಸುಲಭ. ರಾತ್ರಿ ಲೈಟ್ ಆರಿಸಿ. ಮೊಬೈಲ್ ಟಾರ್ಚ್ ಹಚ್ಚಿ ಹೊರಪೆಟ್ಟಿಗೆಯೊಳಗೆ ಇಡಿ, ಮುಚ್ಚಳ ಹಾಕಿ. ಸುತ್ತ ಕೂತು ನಿಧಾನಕ್ಕೆ ನೋಡಿ.

[ಕತ್ತಲು. ಪೆಟ್ಟಿಗೆಯ ಒಂದು ಮೂಲೆಯಲ್ಲಿ ಕೂದಲಿನಷ್ಟು ಬೆಳಕಿನ ಗೆರೆ.]

ನೋಡಿ, ಇಲ್ಲಿ. ಬೆಳಕು ಬಂದರೆ ಸದ್ದೂ ಬರುತ್ತದೆ. ಇದಕ್ಕೆ ಸಿಲಿಕಾನ್ ತುಂಬಿ, ಮತ್ತೆ ನೋಡಿ. ನಾನು ಐದು ಸಲ ಮಾಡಿದೆ. ಒಳಪೆಟ್ಟಿಗೆಗೂ ಇದೇ ಪರೀಕ್ಷೆ.

ವೈರಿನ ರಂಧ್ರ ಬಹಳ ಜನ ಮರೆಯುತ್ತಾರೆ. ಒಳಪೆಟ್ಟಿಗೆಯ ರಂಧ್ರ ಒಂದು ಮೂಲೆಯಲ್ಲಿ, ಹೊರಪೆಟ್ಟಿಗೆಯದು ಎದುರು ಮೂಲೆಯಲ್ಲಿ ಇರಲಿ. ನಡುವೆ ವೈರ್ ಸಡಿಲವಾಗಿ ಜೋತಾಡಬೇಕು. ವೈರ್ ತೂರಿಸಿದ ಮೇಲೆ ಎಂ-ಸೀಲ್ ಕಲಸಿ ರಂಧ್ರ ಪೂರ್ತಿ ಮುಚ್ಚಿ.

[ನೀಲಿ ಚಿಂದಿ ತುಂಬಿದ ಗೋಣಿಚೀಲ.]

ಈಗ ನಮ್ಮ ಊರಿನ ವಸ್ತು. ಬಳ್ಳಾರಿ ಜೀನ್ಸ್ ಗೊತ್ತಿಲ್ಲದವರು ಯಾರು? ಕೌಲ್ ಬಜಾರ್ ಕಡೆ ಹೊಲಿಯುವ ಮನೆಗಳಲ್ಲಿ ಕತ್ತರಿಸಿ ಉಳಿದ ಚಿಂದಿ ಚೀಲಗಟ್ಟಲೆ ಸಿಗುತ್ತದೆ. ಜೀನ್ಸ್ ಅಂದರೆ ಒತ್ತಾಗಿ ನೇಯ್ದ ಹತ್ತಿ. ಬೇರೆ ದೇಶಗಳಲ್ಲಿ ಹಳೆ ಜೀನ್ಸನ್ನು ಹಿಂಜಿ ಗೋಡೆಯೊಳಗೆ ತುಂಬುವ ಹಾಸು ಮಾಡಿ ಮಾರುತ್ತಾರೆ. ನಾನು ಎರಡು ಚೀಲ ತಂದೆ. ಒಂದು ದಿನ ಬಿಸಿಲಿಗೆ ಹಾಕಿ, ಕೊಡವಿ, ಅಮ್ಮನ ಕೌದಿ ಹೊಲಿಯುವ ರೀತಿಯಲ್ಲೇ ಹಳೆ ಸೀರೆಯೊಳಗೆ ತುಂಬಿ ಹೊಲಿದೆ. ಐದು ಸೆಂಟಿಮೀಟರ್ ದಪ್ಪದ ಕೌದಿಗಳು. ಅಮ್ಮನೇ ಎರಡು ಹೊಲಿದು ಕೊಟ್ಟರು. ಒಳಪೆಟ್ಟಿಗೆಯ ಗೋಡೆಗೆಲ್ಲ ಅದನ್ನೇ ಹೊದಿಸಿದೆ. ಎರಡು ಪೆಟ್ಟಿಗೆ ನಡುವಿನ ಜಾಗಕ್ಕೂ ಚಿಂದಿ ಹಾಕಿದೆ. ಅಲ್ಲಿ ಅದುಮಿ ತುರುಕಬೇಡಿ, ಸಡಿಲವಾಗಿ ಬಿಡಿ. ಗಟ್ಟಿಯಾಗಿ ತುಂಬಿದರೆ ಅದೇ ಸೇತುವೆಯಾಗುತ್ತದೆ.

ಒಂದು ಮಾತು. ಈ ಕೌದಿ ಹೊರಗಿನ ಸದ್ದು ಕಡಿಮೆ ಮಾಡುವುದು ಅಷ್ಟಕ್ಕಷ್ಟೇ. ಅದು ಇರುವುದು ರೆಕಾರ್ಡಿಂಗ್ ಚೆನ್ನಾಗಿ ಬರಲಿ ಅಂತ. ಕೇಳಿ, ಮೊದಲು ಕೌದಿ ಇಲ್ಲದೆ.

[ಆಡಿಯೋ: ಕೊಡದೊಳಗೆ ನುಡಿಸಿದ ಹಾಗೆ ಗಿಟಾರ್.]

ಈಗ ಕೌದಿ ಹಾಕಿ. ಅದೇ ಆಂಪ್, ಅದೇ ಮೈಕ್.

[ಆಡಿಯೋ: ಅದೇ ತುಣುಕು, ಹತ್ತಿರ, ಸ್ಪಷ್ಟ.]

ಸ್ಪೀಕರ್ ಹಲಗೆಯನ್ನು ಒಂದು ತುದಿಯಿಂದ 22 ಸೆಂಟಿಮೀಟರಿಗೆ ನಿಲ್ಲಿಸಿದ್ದೇನೆ. ಮುಂದೆ 40 ಸೆಂಟಿಮೀಟರ್ ಚಿಲ್ಲರೆ ಉಳಿಯುತ್ತದೆ. ನನ್ನ ಮೈಕ್ ಶೂರ್ ಎಸ್‌ಎಂ 57. 1965ರಿಂದ ಬರುತ್ತಿರುವ ಮೈಕ್, 16 ಸೆಂಟಿಮೀಟರ್ ಉದ್ದ. ಕೌದಿಯ ದಪ್ಪ ಕಳೆದರೂ ಕನೆಕ್ಟರ್ ಸೇರಿ ಆರಾಮಾಗಿ ಕೂರುತ್ತದೆ. ಕೋನ್‌ನಿಂದ ಎರಡು ಮೂರು ಇಂಚು ದೂರ ಇಡಿ. ನಡುಮಧ್ಯಕ್ಕೆ ತೋರಿಸಿದರೆ ಚುರುಕು ಸದ್ದು, ಅಂಚಿನ ಕಡೆ ಸರಿಸಿದರೆ ಮೃದು. ಅರ್ಧ ಇಂಚಿಗೂ ಸ್ವರ ಬದಲಾಗುತ್ತದೆ. ಮುಚ್ಚಿದ ಮೇಲೆ ಸರಿಸಲು ಆಗುವುದಿಲ್ಲವಲ್ಲ, ಅದಕ್ಕೆ ಒಂದು ಹಗಲು ಮುಚ್ಚಳ ತೆಗೆದಿಟ್ಟು ಬೇರೆ ಬೇರೆ ಜಾಗದಲ್ಲಿ ರೆಕಾರ್ಡ್ ಮಾಡಿ. ಇಷ್ಟವಾದ ಜಾಗಕ್ಕೆ ಟೇಪ್ ಗುರುತು ಹಾಕಿಬಿಡಿ.

ಆಂಪ್ ವಿಷಯ ಗಮನ ಇಟ್ಟು ಕೇಳಿ, ಇದರಲ್ಲಿ ದುಡ್ಡು ಹೋಗುತ್ತದೆ. ಆಂಪ್ ಪೆಟ್ಟಿಗೆಯ ಹೊರಗೇ ಇರಬೇಕು. ವಾಲ್ವ್ ಆಂಪನ್ನು ಸ್ಪೀಕರ್ ಸಿಕ್ಕಿಸದೆ ಆನ್ ಮಾಡಿ ನುಡಿಸಬೇಡಿ, ಔಟ್‌ಪುಟ್ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಬಹುದು. ಓಮ್ ಅಂದರೆ ಸ್ಪೀಕರ್ ಕರೆಂಟಿಗೆ ಒಡ್ಡುವ ತಡೆಯ ಅಳತೆ. ಆಂಪ್ 8 ಓಮ್ ಕೇಳಿದರೆ 8 ಓಮ್ ಸ್ಪೀಕರ್, 16 ಕೇಳಿದರೆ 16. ನಡುವಿನ ವೈರ್ ಸ್ಪೀಕರ್ ವೈರೇ ಆಗಿರಬೇಕು. ಗಿಟಾರಿನ ಕೇಬಲ್ ನೋಡುವುದಕ್ಕೆ ಹಾಗೇ ಇರುತ್ತದೆ, ಒಳಗಿನ ತಂತಿ ತೆಳ್ಳಗಿರುತ್ತದೆ, ಬಿಸಿಯಾಗುತ್ತದೆ.

ಬಿಸಿ ಅಂದಾಗ ನೆನಪಾಯಿತು. ಸ್ಪೀಕರಿಗೆ ಹೋಗುವ ಕರೆಂಟಿನಲ್ಲಿ ಸದ್ದಾಗುವುದು ನೂರಕ್ಕೆ ಕೆಲವೇ ಪಾಲು. ಉಳಿದಿದ್ದೆಲ್ಲ ಶಾಖ. ನಾವು ಗಾಳಿಯಾಡದ ಹಾಗೆ ಮುಚ್ಚಿ, ಕೌದಿ ಬೇರೆ ಹೊದಿಸಿದ್ದೇವೆ, ಅದೂ ಬಳ್ಳಾರಿ ಏಪ್ರಿಲ್‌ನಲ್ಲಿ! ಅದಕ್ಕೆ ಆಂಪಿನ ಎರಡರಷ್ಟು ವ್ಯಾಟ್ ತಾಳುವ ಸ್ಪೀಕರ್ ಹಾಕಿ. ಹಿಂದಿನ ಮ್ಯಾಗ್ನೆಟ್‌ಗೆ ಕೌದಿ ತಾಗದಿರಲಿ. ನಾನು ಅರ್ಧ ಗಂಟೆ ನುಡಿಸಿದರೆ ಎರಡೂ ಮುಚ್ಚಳ ತೆಗೆದು ಹತ್ತು ನಿಮಿಷ ಬಿಡುತ್ತೇನೆ. ಹಾಗೇ ನೀರು ಕುಡಿದು ಬರುತ್ತೇನೆ.

ಎಷ್ಟು ಕಡಿಮೆಯಾಯಿತು? ಮೊಬೈಲ್ ಮೀಟರ್ ನಿಖರವಲ್ಲ, ಆದರೆ ಮುಚ್ಚುವ ಮೊದಲು ಮತ್ತು ಆಮೇಲಿನ ವ್ಯತ್ಯಾಸಕ್ಕೆ ಸಾಕು. ನನ್ನ ಕೋಣೆಯಲ್ಲಿ 30 ಡೆಸಿಬೆಲ್ ಹತ್ತಿರ ಇಳಿಯಿತು. ಆಂಪನ್ನು ನಾನು 1 ವ್ಯಾಟ್ ಆಸುಪಾಸಿನಲ್ಲೇ ಇಡುತ್ತೇನೆ, ಹಾಗಾಗಿ ಕೋಣೆಯೊಳಗೆ 70ರ ಹತ್ತಿರ. ಉಳಿದಿದ್ದನ್ನು ಗೋಡೆ ನೋಡಿಕೊಳ್ಳುತ್ತದೆ. ಕಿಟಕಿ ಮಾತ್ರ ಆ ಅರ್ಧ ಗಂಟೆ ಮುಚ್ಚಲೇಬೇಕು.

[ರಾತ್ರಿ, ಮಾಳಿಗೆ. ಪಕ್ಕದ ಮನೆಗೆ ಅಂಟಿದ ಗೋಡೆಯ ಮೇಲೆ ಮೊಬೈಲ್.]

ಕೊನೆಗೆ ಇದನ್ನು ಕೇಳಿ. ಕೆಳಗೆ ನಾನು ನುಡಿಸುತ್ತಿದ್ದೇನೆ, ಮೊಬೈಲ್ ಮಾಳಿಗೆ ಮೇಲಿದೆ. ನಾಯಿ ಬೊಗಳುತ್ತದೆ, ದೂರದಲ್ಲಿ ಲಾರಿ ಹೋಗುತ್ತದೆ. ಗಿಟಾರ್ ಇಲ್ಲ. ಈಗ ಕಿವಿಗೊಡಿ.

[ಸಣ್ಣಗೆ, ಧುಂ ಎಂಬ ಸದ್ದು. ಮತ್ತೊಮ್ಮೆ.]

ಕೇಳಿಸಿತಾ? ಅದು ಗಿಟಾರಿನ ಅತಿ ದಪ್ಪ ತಂತಿ, 82 ಹರ್ಟ್ಸ್. ಅದರ ಒಂದೊಂದು ಅಲೆಯೂ ನಾಲ್ಕು ಮೀಟರಿಗಿಂತ ಉದ್ದ. ಅಷ್ಟು ತಗ್ಗಿನ ಸದ್ದಿಗೆ ಈ ತೂಕ ಸಾಲದು. ಸ್ವಲ್ಪ ಪಾಲು ನೆಲದಿಂದಲೂ ಹತ್ತುತ್ತದೆ. ಪೆಟ್ಟಿಗೆ ಕೆಳಗೆ ಸ್ವಲ್ಪವೇ ಗಾಳಿ ತುಂಬಿದ ಸ್ಕೂಟರ್ ಟ್ಯೂಬ್ ಎರಡು ಇಟ್ಟ ಮೇಲೆ ಇಷ್ಟಕ್ಕೆ ಇಳಿದಿದೆ. ಹಾಗಾಗಿ ಆ ದಪ್ಪ ತಂತಿಯ ಭಾಗಗಳನ್ನು ನಾನು ಭಾನುವಾರ ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತೇನೆ. ಮಾರ್ಚ್‌ನಲ್ಲಿ ಮಾತ್ರ, ಮೊದಲು ಪಕ್ಕದ ಮನೆಯಲ್ಲಿ ಪರೀಕ್ಷೆಯ ವೇಳಾಪಟ್ಟಿ ಕೇಳಿಕೊಂಡು ಬರುತ್ತೇನೆ.