ವಾರ್ಡಿನಿಂದ ಚಳವಳಿ ಕಟ್ಟುವ ಕೆಲಸ

ಕೇಳುಗರಿಗೆಲ್ಲ ನಮಸ್ಕಾರ.

2016ನೇ ಇಸವಿಯಲ್ಲಿ ಬೆಂಗಳೂರಿನ ಜನ ಎರಡು ಸಲ ತಾವಾಗಿಯೇ ಬೀದಿಗಿಳಿದಿದ್ದರು. ಏಪ್ರಿಲ್ ತಿಂಗಳಲ್ಲಿ, ಭವಿಷ್ಯ ನಿಧಿಯ ಹಣ ಹಿಂಪಡೆಯುವ ನಿಯಮವನ್ನು ಕೇಂದ್ರ ಸರ್ಕಾರ ಬಿಗಿಗೊಳಿಸಿತೆಂದು ತಿಳಿದಾಗ, ಗಾರ್ಮೆಂಟ್ಸ್ ಕಾರ್ಖಾನೆಗಳ ಸಾವಿರಾರು ಹೆಣ್ಣುಮಕ್ಕಳು ಕೆಲಸ ಬಿಟ್ಟು ಹೊಸೂರು ರಸ್ತೆಯಲ್ಲಿ ಬಂದು ಕುಳಿತರು. ಅವರಿಗೆ ಯಾವ ಪಕ್ಷವೂ ಕರೆ ಕೊಟ್ಟಿರಲಿಲ್ಲ. ಕಲ್ಲುತೂರಾಟ, ಲಾಠಿ ಪ್ರಹಾರಗಳು ನಡೆದವು. ಎರಡನೆಯ ದಿನವೇ ಸರ್ಕಾರ ಆ ನಿಯಮವನ್ನು ಕೈಬಿಟ್ಟಿತು. ಅದೇ ವರ್ಷದ ಅಕ್ಟೋಬರ್ 16ರಂದು, ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಕಟ್ಟಬೇಕೆಂದಿದ್ದ ಉಕ್ಕಿನ ಮೇಲ್ಸೇತುವೆ ಬೇಡವೆಂದು, ಕಡಿಯಬೇಕಾಗಿದ್ದ 800ಕ್ಕೂ ಹೆಚ್ಚು ಮರಗಳ ಪರವಾಗಿ, ಸಾವಿರಾರು ನಾಗರಿಕರು ಕೈ ಕೈ ಹಿಡಿದು ಮಾನವ ಸರಪಳಿಯಾಗಿ ನಿಂತರು. 2017ರ ಮಾರ್ಚ್‌ನಲ್ಲಿ ಆ ಯೋಜನೆ ರದ್ದಾಯಿತು.

ಎರಡೂ ಗೆಲುವುಗಳೇ. ಆದರೆ ಗೆದ್ದ ಮರುದಿನ ಆ ಹೆಣ್ಣುಮಕ್ಕಳು ಹೊಲಿಗೆ ಯಂತ್ರದ ಮುಂದೆ ಕುಳಿತರು, ಸರಪಳಿಯಲ್ಲಿ ನಿಂತವರು ತಮ್ಮ ತಮ್ಮ ಮನೆಗಳಿಗೆ ಹೋದರು. ಈ ಇಬ್ಬರೂ ಒಂದೇ ವಾರ್ಡಿನಲ್ಲಿದ್ದಿರಬಹುದು. ಒಬ್ಬರ ಹೆಸರು ಇನ್ನೊಬ್ಬರಿಗೆ ತಿಳಿದಿರುವುದಿಲ್ಲ. ಹೊಸದೊಂದು ರಾಜಕೀಯ ಚಳವಳಿಯನ್ನು ಬೇರುಮಟ್ಟದಿಂದ ಕಟ್ಟುವುದೆಂದರೆ ಈ ಅಪರಿಚಯವನ್ನು ಕಳೆಯುವ ಕೆಲಸವೆಂದು ನಾನು ತಿಳಿದಿದ್ದೇನೆ.

ನಮ್ಮ ನಗರದಲ್ಲಿ ಇದರ ಅಗತ್ಯ ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. 1993ರ ಜೂನ್ 1ರಂದು ಜಾರಿಗೆ ಬಂದ ಸಂವಿಧಾನದ 74ನೇ ತಿದ್ದುಪಡಿ, ಮೂರು ಲಕ್ಷಕ್ಕಿಂತ ಕಡಿಮೆಯಿಲ್ಲದ ಜನಸಂಖ್ಯೆಯ ನಗರಗಳಲ್ಲಿ ವಾರ್ಡ್ ಸಮಿತಿಗಳಿರಬೇಕೆಂದು ವಿಧಿಸಿದೆ. ಹಾಗಿದ್ದರೂ 2020ರ ಸೆಪ್ಟೆಂಬರ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಯ ಸದಸ್ಯರ ಅವಧಿ ಮುಗಿದ ಮೇಲೆ, 2025ರಲ್ಲಿ ಅದು ಐದು ಪಾಲಿಕೆಗಳಾಗಿ ಒಡೆಯುವವರೆಗೂ, ನಮ್ಮ ಬೀದಿಯ ದೀಪ ಕೆಟ್ಟರೆ ಕೇಳಲು ಪಾಲಿಕೆಯಲ್ಲಿ ನಾವು ಆರಿಸಿದ ಒಬ್ಬ ಪ್ರತಿನಿಧಿಯೂ ಇರಲಿಲ್ಲ.

ಆ ದಿನಗಳಲ್ಲೇ ನಾವು ಆರು ಮಂದಿ ನಮ್ಮ ವಾರ್ಡಿನಲ್ಲಿ ಕೆಲಸ ಆರಂಭಿಸಿದೆವು. ಆರಂಭದಲ್ಲೇ ತಪ್ಪಿದೆವು. ಒಂದು ಕೋಣೆಯಲ್ಲಿ ಕುಳಿತು ಹನ್ನೆರಡು ಬೇಡಿಕೆಗಳನ್ನು ಬರೆದು, ಕರಪತ್ರ ಅಚ್ಚು ಹಾಕಿಸಿ ಮನೆಮನೆಗೆ ಹಂಚಿ, ಭಾನುವಾರ ಬೆಳಗ್ಗೆ ಹನ್ನೊಂದಕ್ಕೆ ಸಭೆ ಕರೆದೆವು. ಬಂದವರು ನಿವೃತ್ತ ನೌಕರರು, ಅದೂ ಸ್ವಂತ ಮನೆಯಿರುವವರು ಮಾತ್ರ. ಮನೆಗೆಲಸಕ್ಕೆ ಹೋಗುವ ಹೆಂಗಸರಿಗೆ ಭಾನುವಾರದ ಬೆಳಗಿನಷ್ಟು ಬಿಡುವಿಲ್ಲದ ಹೊತ್ತು ಬೇರೊಂದಿಲ್ಲ, ಪೌರಕಾರ್ಮಿಕರು ಆ ಹೊತ್ತಿಗಿನ್ನೂ ರಸ್ತೆಯಲ್ಲೇ ಇರುತ್ತಾರೆ ಎಂಬ ಸರಳ ಸಂಗತಿ ನಮ್ಮಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ನೋವಾಗುತ್ತದೆ.

ಅನಂತರ ಕರಪತ್ರವನ್ನು ಬದಿಗಿಟ್ಟು ಖಾಲಿ ನೋಟುಪುಸ್ತಕ ಹಿಡಿದು ಹೋದೆವು. "ಅಕ್ಕಾ, ಈ ಬೀದಿಯಲ್ಲಿ ಮೊದಲು ಆಗಬೇಕಾದ್ದು ಏನು?" ಎಂಬ ಒಂದೇ ಪ್ರಶ್ನೆ ಕೇಳಿ, ಅವರು ಹೇಳಿದ್ದನ್ನು ಅವರ ಮಾತಿನಲ್ಲೇ ಬರೆದುಕೊಂಡೆವು. ಕಾವೇರಿ ನೀರು ರಾತ್ರಿ ಎರಡು ಗಂಟೆಗೆ ಬಿಟ್ಟರೆ ಹಿಡಿಯುವವರು ಯಾರು ಎಂದು ಒಬ್ಬರು ಕೇಳಿದರು. ವಠಾರದ ಬಾಡಿಗೆದಾರರು ಮಾತ್ರ ಬಾಗಿಲಲ್ಲೇ ನಿಂತು, "ನಮ್ಮ ಓಟು ಇಲ್ಲಿಲ್ಲ, ನಮ್ಮನ್ಯಾಕೆ ಕೇಳ್ತೀರಿ?" ಎಂದರು. ಹಲವು ಮನೆಗಳಲ್ಲಿ ಇದೇ ಉತ್ತರ ಬಂದಾಗ, ನಮ್ಮ ಮೊದಲ ಕೆಲಸ ಯಾವುದೆಂಬುದು ತಾನಾಗಿಯೇ ತೀರ್ಮಾನವಾಯಿತು.

ಮತದಾರರ ಪಟ್ಟಿಗೆ ಹೊಸದಾಗಿ ಸೇರಲು ನಮೂನೆ 6, ಊರಿಂದ ಊರಿಗೆ ಹೆಸರು ವರ್ಗಾಯಿಸಲು ನಮೂನೆ 8 ಇದೆಯೆಂಬುದು ಓದಿದವರಿಗೆ ಸಣ್ಣ ವಿಷಯ. ಆದರೆ ವಿಳಾಸದ ದಾಖಲೆ ಎಂಬಲ್ಲಿ ಬಾಡಿಗೆದಾರ ಸಿಕ್ಕಿಬೀಳುತ್ತಾನೆ: ಕರೆಂಟ್ ಬಿಲ್ಲು ಮಾಲೀಕರ ಹೆಸರಿನಲ್ಲಿರುತ್ತದೆ, ಕರಾರುಪತ್ರ ನೋಂದಣಿಯಾಗಿರುವುದಿಲ್ಲ. ಯಾವ ದಾಖಲೆಯೂ ಇಲ್ಲದಿದ್ದರೆ ಸ್ಥಳಕ್ಕೆ ಬಂದು ಪರಿಶೀಲಿಸುವ ಅವಕಾಶ ನಿಯಮದಲ್ಲೇ ಇದೆ ಎಂಬುದನ್ನು ಅವರಿಗೆ ಯಾರೂ ಹೇಳಿರಲಿಲ್ಲ. ನಮ್ಮ ಗುಂಪಿನ ಇಬ್ಬರು ಹೆಣ್ಣುಮಕ್ಕಳು ಸಂಜೆಯ ಹೊತ್ತು ವಠಾರದ ಜಗುಲಿಯಲ್ಲಿ ಕುಳಿತು ನಮೂನೆಗಳನ್ನು ತುಂಬಿಸಿದರು, ಪರಿಶೀಲನೆಗೆ ಬಂದವರ ಜೊತೆ ಮನೆಮನೆಗೆ ನಡೆದರು. ರಾಯಚೂರಿನ ಕಡೆಯಿಂದ ಬಂದ ಕಟ್ಟಡ ಕಾರ್ಮಿಕರೊಬ್ಬರು, ಊರಿನ ಓಟನ್ನು ಬಿಟ್ಟರೆ ಊರಿನ ನಂಟೇ ಬಿಟ್ಟಂತೆ ಎಂದು ನಿರಾಕರಿಸಿದರು, ನಾವು ಒತ್ತಾಯಿಸಲಿಲ್ಲ. ಮುಂದೆ ನೀರಿನ ಸಮಯ ಬದಲಿಸುವಂತೆ ಕೇಳಲು ಹೋದಾಗ ಎಲ್ಲರಿಗಿಂತ ಮುಂದೆ ನಿಂತವರು ಅವರೇ.

ಸಭೆಗಳನ್ನು ಈಗ ಒಂದೊಂದು ಅಡ್ಡರಸ್ತೆಯಲ್ಲಿ ಹತ್ತು ಹದಿನೈದು ಜನರಿಗಷ್ಟೇ ಕರೆಯುತ್ತೇವೆ. ಹೊತ್ತನ್ನು ಆ ಬೀದಿಯ ಹೆಂಗಸರು ಗೊತ್ತುಮಾಡುತ್ತಾರೆ. ಮಾತು ಕನ್ನಡದಲ್ಲಿ ನಡೆಯುತ್ತದೆ. ಉರ್ದು, ತಮಿಳು ಮಾತನಾಡುವವರ ಪಕ್ಕದಲ್ಲಿ ಕುಳಿತು ಒಬ್ಬರು ತಿಳಿಸಿ ಹೇಳುತ್ತಾರೆ. ವಾಟ್ಸ್‌ಆ್ಯಪ್ ಗುಂಪು ಸುದ್ದಿ ತಿಳಿಸಲು ಮಾತ್ರ, ತೀರ್ಮಾನವಾಗುವುದು ಎದುರುಬದುರು ಕುಳಿತಾಗ. ತಿಂಗಳಿಗೆ ಹತ್ತು ರೂಪಾಯಿ ಚಂದಾ, ಕೊಟ್ಟವರಿಗೆಲ್ಲ ರಸೀದಿ. ಶಾಮಿಯಾನದ ಖರ್ಚನ್ನೆಲ್ಲ ತಾವೇ ಕೊಡುತ್ತೇನೆಂದು ಮುಂದೆ ಬಂದ ಒಬ್ಬ ಗುತ್ತಿಗೆದಾರರಿಗೆ ಕೈಮುಗಿದು ಬೇಡವೆಂದೆವು. ತಿಂಗಳ ಕೊನೆಗೆ ಲೆಕ್ಕವನ್ನು ಗಟ್ಟಿಯಾಗಿ ಓದುತ್ತೇವೆ, ಹತ್ತು ರೂಪಾಯಿ ಕೊಟ್ಟ ಹೆಣ್ಣುಮಗಳು "ಆಟೋಗೆ ನೂರಿಪ್ಪತ್ತು ಯಾಕಾಯಿತು?" ಎಂದು ಕೇಳಿದ ದಿನ ಸಂಘಟನೆ ನಮ್ಮ ಆರು ಜನರ ಕೈದಾಟಿ ಅವರದಾಯಿತು ಎಂದು ನನಗೆ ಅನ್ನಿಸಿತು.

ಚುನಾವಣೆಗೆ ಯಾವಾಗ ನಿಲ್ಲುತ್ತೀರಿ ಎಂದು ತರುಣರು ಅವಸರಪಡಿಸುತ್ತಾರೆ. ಪಕ್ಷ ನೋಂದಾಯಿಸುವುದು ಕಾಗದದ ಮಟ್ಟಿಗೆ ಕಷ್ಟವಲ್ಲ: 1951ರ ಪ್ರಜಾಪ್ರತಿನಿಧಿ ಕಾಯ್ದೆಯ 29ಎ ಸೆಕ್ಷನ್ನಿನಂತೆ, ಪಕ್ಷ ಸ್ಥಾಪನೆಯಾದ 30 ದಿನಗಳೊಳಗೆ ಚುನಾವಣಾ ಆಯೋಗಕ್ಕೆ ಅರ್ಜಿ ಹೋಗಬೇಕು; ಆಯೋಗದ ಮಾರ್ಗಸೂಚಿಯಂತೆ ಕನಿಷ್ಠ 100 ಸದಸ್ಯರಿರಬೇಕು. ನೋಂದಾಯಿಸದೆ ಪಕ್ಷೇತರರಾಗಿಯೂ ನಿಲ್ಲಬಹುದು. 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘವೂ ಈ ಪ್ರಶ್ನೆಯನ್ನು ಎದುರಿಸಿತ್ತು; ಅದರ ನಾಯಕರಾಗಿದ್ದ ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರು ವಿಧಾನಸಭೆಗೂ ಹೋದರು. ಆದರೆ ಆ ಸಂಘದ ಬಲ ನಮಗೆ ಕಂಡದ್ದು ಹೆಗಲ ಮೇಲಿನ ಹಸಿರು ಶಾಲಿನಲ್ಲಿ, ಹಳ್ಳಿಯ ಒಬ್ಬ ರೈತ ಯಾರಿಗೂ ಅಂಜದೆ ಕಚೇರಿಯೊಳಗೆ ಹೋಗಿ ನಿಂತ ಧೈರ್ಯದಲ್ಲಿ. ಆ ಧೈರ್ಯ ವಠಾರದ ಬಾಡಿಗೆದಾರರಲ್ಲಿ ಮೂಡುವ ಮೊದಲು ಅಭ್ಯರ್ಥಿಯನ್ನು ಹುಡುಕಲು ಹೊರಟರೆ, ಸಂಘಟನೆ ಒಬ್ಬ ವ್ಯಕ್ತಿಯ ಹೆಸರಾಗಿ ಉಳಿಯುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ.

ನಮ್ಮ ನೋಟುಪುಸ್ತಕದಲ್ಲಿ ಈಗ ಹದಿನಾಲ್ಕು ಅಡ್ಡರಸ್ತೆಗಳ ಹೆಸರಿವೆ. ಹನ್ನೊಂದರ ಕೆಳಗೆ ಮನೆಮನೆಯ ಮಾತು ದಾಖಲಾಗಿದೆ. ಉಳಿದ ಮೂರು ರಾಜಕಾಲುವೆಯ ಆಚೆಗಿವೆ, ಅಲ್ಲಿ ನಮಗೆ ಪರಿಚಯದವರು ಒಬ್ಬರೂ ಇಲ್ಲ, ಆ ಪುಟಗಳು ಖಾಲಿಯಿವೆ. ಬರುವ ಬುಧವಾರ, ಸಂಜೆ ಏಳರ ಮೇಲೆ, ನಾವು ಅಲ್ಲಿಗೆ ಹೋಗುತ್ತಿದ್ದೇವೆ.