‘ಅಡ್ಡಿಲ್ಲ’ ಅನ್ನಬೇಡಿ

ಕೇಳುಗರೇ, ನಮಸ್ಕಾರ. ನಮ್ಮ ಜಿಲ್ಲೆಯಲ್ಲಿ ಯಾರನ್ನಾದರೂ ‘ಹೇಗಿದ್ದೀರಿ’ ಅಂತ ಕೇಳಿ ನೋಡಿ. ಕುಮಟಾದವರು ‘ಅಡ್ಡಿಲ್ಲ’ ಅಂತಾರೆ. ಶಿರಸಿ ಕಡೆ ಅದೇ ‘ಅಡ್ಡಿಲ್ಲೆ’. ಕಾರವಾರದ ಕೊಂಕಣಿಯವರು ‘ಬರೇ ಆಸಾ’. ಪೇಟೆಯಲ್ಲಿ ಎದುರು ಸಿಕ್ಕವರಿಗೆ ಇಷ್ಟು ಸಾಕು. ಆದರೆ ಕ್ಯಾನ್ಸರಿಗೆ ಕೀಮೋ ಔಷಧ ತೆಗೆದುಕೊಳ್ಳುತ್ತಿರುವವರು ಡಾಕ್ಟರ ಮುಂದೆ ಕೂತು ‘ಅಡ್ಡಿಲ್ಲ’ ಅಂದರೆ ನನಗೆ ಸಿಟ್ಟು ಬರುತ್ತದೆ. ಇವತ್ತು ನಾನು ಹೇಳಬೇಕಾದದ್ದು ಇದೊಂದೇ.

ನಾನು ಕ್ಯಾನ್ಸರ್ ರೋಗಿಗಳನ್ನು ನೋಡುವ ವೈದ್ಯ. ನನ್ನ ಕೋಣೆಯ ಹೊರಗೆ ಒಂದು ಉದ್ದ ಬೆಂಚಿದೆ. ನಿಜವಾದ ಸುದ್ದಿಯೆಲ್ಲ ಅಲ್ಲಿ. ‘ಗಂಜಿ ಉಂಡರೆ ಕಬ್ಬಿಣ ನೆಕ್ಕಿದ ಹಾಗೆ ಆಗ್ತದೆ.’ ‘ಮುರುಗಲ ಸಾರು ಬಾಯಿಗೆ ಹಾಕಿದರೆ ಕೆಂಡ.’ ‘ಬಸ್ಸು ಅರಬೈಲ್ ಘಾಟಿ ಹತ್ತಿದರೆ ಸಾಕು, ಆಸ್ಪತ್ರೆ ನೆನಪಾಗಿ ವಾಂತಿ.’ ‘ಕರೆಂಟ್ ಕೊಡುವಾಗ ಏನೂ ಗೊತ್ತಾಗಲಿಲ್ಲ, ಆಮೇಲೆ ಚರ್ಮ ಕಪ್ಪಾಯ್ತು.’ ಕರೆಂಟ್ ಅಂದರೆ ರೇಡಿಯೇಶನ್. ಅದರಲ್ಲಿ ಮೈಗೆ ಕರೆಂಟ್ ತಾಗುವುದೇ ಇಲ್ಲ, ಎಷ್ಟು ಸಲ ಹೇಳಿದರೂ ಆ ಹೆಸರು ಹೋಗುವುದಿಲ್ಲ. ಇರಲಿ. ಪಕ್ಕದವರ ಹತ್ತಿರ ಎಷ್ಟು ಚೊಕ್ಕವಾಗಿ ಹೇಳ್ತಾರೆ ನೋಡಿ! ಅದೇ ಮಂದಿ ಬಾಗಿಲು ದಾಟಿ ಒಳಗೆ ಬಂದರೆ ಒಂದೇ ಮಾತು, ‘ಅಡ್ಡಿಲ್ಲ’.

ಅಂಕೋಲಾ ಕಡೆಯ ಒಬ್ಬ ಮೀನು ಮಾರುವ ಹೆಂಗಸು ನನ್ನ ಹತ್ತಿರ ಬರುತ್ತಿದ್ದರು. ದೊಡ್ಡ ಕರುಳಿನ ಕ್ಯಾನ್ಸರ್. ಆಪರೇಶನ್ ಆಗಿತ್ತು, ಕೀಮೋ ನಡೆದಿತ್ತು. ಬಂದಾಗಲೆಲ್ಲ ‘ಅಡ್ಡಿಲ್ಲ ಡಾಕ್ಟ್ರೇ’. ನಾನೂ ಚೀಟಿ ಬರೆದು ಕಳಿಸುತ್ತಿದ್ದೆ. ತಪ್ಪು ನನ್ನದೂ ಇದೆ, ಮುಂದೆ ಇನ್ನೂ ಮೂವತ್ತು ಜನ ಕಾಯುತ್ತಿದ್ದರು.

ಒಂದು ದಿನ ಚಹಾ ಕುಡಿಯಲು ಹೊರಗೆ ಬಂದೆ. ಬೆಂಚಿನ ಮೇಲೆ ಅವರು ಪಕ್ಕದವಳಿಗೆ ಹೇಳುತ್ತಿದ್ದರು. ‘ಐಸ್ ಮುಟ್ಟಿದರೆ ನೂರು ಮೀನಿನ ಮುಳ್ಳು ಒಟ್ಟಿಗೇ ಹೊಕ್ಕ ಹಾಗೆ. ಬಂಗಡೆಗೆ ಐಸ್ ಹಾಕೋದು ಈಗ ಮಗಳು. ತಣ್ಣೀರು ಕುಡಿದರೆ ಗಂಟಲು ಹಿಡಿದುಬಿಡ್ತದೆ.’ ನಾನು ಅಲ್ಲೇ ನಿಂತೆ. ಅವರು ಸೊಂಟದ ಸಂಚಿ ತೆಗೆದು ತೋರಿಸಿದರು. ಮೂವತ್ತು ವರ್ಷ ಆ ಸಂಚಿಯೊಳಗೆ ಕೈ ಹಾಕಿ, ನೋಡದೆಯೇ ಚಿಲ್ಲರೆ ಕೊಟ್ಟವರು. ಈಗ ಒಂದು ರೂಪಾಯಿ ಯಾವುದು, ಎರಡರದ್ದು ಯಾವುದು ಬೆರಳಿಗೆ ತಿಳಿಯುವುದಿಲ್ಲವಂತೆ. ರವಿಕೆಯ ಹುಕ್ಕು ಹಾಕುವುದೂ ಮಗಳೇ.

ಅವರಿಗೆ ಕೊಡುತ್ತಿದ್ದ ಔಷಧದಲ್ಲಿ ಆಕ್ಸಾಲಿಪ್ಲಾಟಿನ್ ಅಂತ ಒಂದಿದೆ. ಒಳ್ಳೆಯ ಔಷಧ, ಆದರೆ ನರಕ್ಕೆ ತೊಂದರೆ ಕೊಡುತ್ತದೆ. ಮೊದಮೊದಲು ತಣ್ಣಗಿನದು ಮುಟ್ಟಿದರೆ ಚುಚ್ಚುತ್ತದೆ, ಕೆಲವು ದಿನಕ್ಕೆ ಹೋಗುತ್ತದೆ. ಕೀಮೋ ಆಗುತ್ತಾ ಆಗುತ್ತಾ ಬೆರಳು, ಪಾದ ಮರಗಟ್ಟಲು ಶುರು. ಅದನ್ನು ಗಮನಿಸದೆ ಹಾಗೇ ಬಿಟ್ಟರೆ ಕೆಲವರಿಗೆ ಕಾಯಂ ಉಳಿದುಬಿಡುತ್ತದೆ. ಮೊದಲೇ ಗೊತ್ತಾದರೆ ಡೋಸ್ ಇಳಿಸಬಹುದು, ಅದೊಂದನ್ನು ನಿಲ್ಲಿಸಿ ಉಳಿದದ್ದನ್ನು ಮುಂದುವರಿಸಬಹುದು. ಆದರೆ ರಕ್ತ ಪರೀಕ್ಷೆಯಲ್ಲಿ ಇದು ಕಾಣುವುದಿಲ್ಲ. ಸ್ಕ್ಯಾನಿನಲ್ಲೂ ಇಲ್ಲ. ನಾಣ್ಯ ಮುಟ್ಟುವ ಬೆರಳಿಗೇ ಗೊತ್ತು. ಬೆರಳಿನವರು ಬಾಯಿ ಬಿಡಬೇಕು, ಅಲ್ವಾ?

‘ನನಗೆ ಯಾಕೆ ಹೇಳಲಿಲ್ಲ?’ ಅಂದೆ. ‘ಹೇಳಿದರೆ ಔಷಧ ನಿಲ್ಲಿಸ್ತೀರಿ ಅಂತ ಹೆದರಿಕೆ’ ಅಂದರು. ಬಹಳ ಜನರ ಮನಸ್ಸಿನಲ್ಲಿ ಇರುವುದು ಇದೇ.

ಹೇಳಿದರೆ ನಷ್ಟವಿಲ್ಲ, ಲಾಭವೇ. ನ್ಯೂಯಾರ್ಕಿನ ಸ್ಲೋನ್ ಕೆಟರಿಂಗ್ ಆಸ್ಪತ್ರೆಯಲ್ಲಿ ಇದನ್ನೇ ಪರೀಕ್ಷೆ ಮಾಡಿದರು. ಕ್ಯಾನ್ಸರ್ ಮೈಯಲ್ಲಿ ಹರಡಿದ್ದ 766 ಜನ. ಒಂದು ಗುಂಪಿನವರು ವಾಂತಿ, ನೋವು, ಸುಸ್ತು, ಉಸಿರಾಟ, ಹೀಗೆ 12 ತೊಂದರೆಗಳನ್ನು ಆಗಾಗ ಕಂಪ್ಯೂಟರಿನಲ್ಲಿ ತಿಳಿಸಬೇಕು. ಜಾಸ್ತಿಯಾದರೆ ನರ್ಸ್‌ಗೆ ಸುದ್ದಿ ಹೋಗುತ್ತದೆ. ಇನ್ನೊಂದು ಗುಂಪಿಗೆ ಮಾಮೂಲಿ ಚಿಕಿತ್ಸೆ. ಬದುಕಿದ ಕಾಲದ ಲೆಕ್ಕ 2017ರಲ್ಲಿ ಹೊರಬಂತು. ತಿಳಿಸಿದವರಲ್ಲಿ ಅರ್ಧದಷ್ಟು ಜನ 31 ತಿಂಗಳು ದಾಟಿದ್ದರು. ಮಾಮೂಲಿ ಗುಂಪಿನಲ್ಲಿ ಅರ್ಧದಷ್ಟು ಜನ ದಾಟಿದ್ದು 26 ತಿಂಗಳು. ಹೊಸ ಮದ್ದು ಏನೂ ಇಲ್ಲ. ಹೇಳಿದರು, ಕೇಳಿದರು, ಅಷ್ಟೇ.

ನನಗೆ ಕೊಟ್ಟ ಹೊತ್ತಿನಲ್ಲಿ ಅರ್ಧ ಆ ಮೀನಿನ ಬುಟ್ಟಿಯಲ್ಲೇ ಹೋಯಿತು. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಮನೆಯ ಕ್ಯಾಲೆಂಡರಿನ ಮೇಲೆ ದಿನಕ್ಕೊಂದು ಮಾತು ಬರೆಯಿರಿ. ‘ಎರಡು ಸಲ ವಾಂತಿ’, ‘ಒಂದೇ ದೋಸೆ ಸೇರಿತು’, ಹೀಗೆ. ಬರುವಾಗ ಆ ಕ್ಯಾಲೆಂಡರನ್ನೇ ತನ್ನಿ. ಜೊತೆಗೆ ಬಂದ ಅಣ್ಣ, ಮಾವ, ಅಳಿಯ ದಯವಿಟ್ಟು ರೋಗಿಯ ಪರವಾಗಿ ಉತ್ತರ ಕೊಡಬೇಡಿ. ನೋವು ನಿಮ್ಮದಲ್ಲ. ಮಲಬದ್ಧತೆ, ಮುಟ್ಟು, ಗಂಡ ಹೆಂಡತಿಯ ವಿಷಯ, ಇವನ್ನು ನಮ್ಮ ಹತ್ತಿರ ಹೇಳಲು ನಾಚಿಕೆಯಾದರೆ ಸಿಸ್ಟರ್ ಹತ್ತಿರ ಹೇಳಿ.

ಇನ್ನೊಂದಿದೆ, ಇದಕ್ಕೆ ಮುಂದಿನ ತಾರೀಖಿನವರೆಗೆ ಕಾಯಬೇಡಿ. ಕೀಮೋ ಆದ ಒಂದೆರಡು ವಾರದಲ್ಲಿ, ಸೋಂಕನ್ನು ತಡೆಯುವ ಬಿಳಿ ರಕ್ತಕಣ ಬಹಳ ಇಳಿದಿರುತ್ತದೆ. ಆಗ ಜ್ವರ 100.4 ಮುಟ್ಟಿದರೆ ಮಾತ್ರೆ ನುಂಗಿ ಮಲಗಬೇಡಿ. ಬೆಳಗಿನ ಬಸ್ಸಿಗೂ ಕಾಯಬೇಡಿ. ರಾತ್ರಿ ಎರಡು ಗಂಟೆಯಾದರೂ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿ, ಹತ್ತಿರದ ದೊಡ್ಡ ಆಸ್ಪತ್ರೆಗೆ ಹೊರಡಿ, ಅಲ್ಲಿ ಹೋದ ಕೂಡಲೇ ‘ಕೀಮೋ ನಡೀತಾ ಇದೆ, ಜ್ವರ ಬಂದಿದೆ’ ಅಂತ ಹೇಳಿ. ನಮಸ್ಕಾರ.